ಮೂರನೇ ಕೂಗು

ಸಾಲಗಾಮೆ ರಸ್ತೆಯ ಮೊಬೈಲ್ ಅಂಗಡಿಯ ಮೇಲೆ
ನನ್ನ ಸ್ಟುಡಿಯೊ. ಹತ್ತಡಿಗೆ ಎಂಟಡಿ,
ಗೋಡೆ ತುಂಬ ಮೊಟ್ಟೆ ಟ್ರೇ.
ಕಟ್ಟಿನಕೆರೆ ಮಾರ್ಕೆಟ್ಟಿನ ಅಯೂಬ್ ಸಾಬರು ಪುಕ್ಕಟೆ ಕೊಟ್ಟದ್ದು;
ಥಂಡಿ ಹಿಡಿದ ದಿನ ಈಗಲೂ ಒಂಚೂರು ವಾಸನೆ.

ನನ್ನಲ್ಲಿ ಆಗುವ ಕೆಲಸ ಇಂಥವು:
ಹಳೇ ಪೇಪರ್, ಹಳೇ ಕಬ್ಬಿಣ,
ಸೀರೆ ಅಂಗಡಿಯ ಆಷಾಢದ ರಿಯಾಯಿತಿ,
ಪಂಚಾಯ್ತಿಗೆ ನಿಂತವರ ಗುರುತು,
ಒಮ್ಮೆ ಬಾಚಣಿಗೆ, ಒಮ್ಮೆ ಗ್ಯಾಸ್ ಸ್ಟೌವು.

ಅವಳು ಮೆಟ್ಟಿಲು ಹತ್ತಿ ಬಂದಾಗ ಗುರುತು ಹಿಡಿದೆ.
ಯಾರು ಹಿಡಿಯರು?
ಲಕ್ಷ ಚಿಲ್ಲರೆ ಮಂದಿ ಬೆನ್ನಿಗಿರುವ ಕುಮುದಾ.
ಮಹಾರಾಜ ಪಾರ್ಕಿನ ಬೆಂಚಿನಲ್ಲಿ, ಬಸ್ ಸ್ಟ್ಯಾಂಡಿನ ಮೇಲ್ಸೇತುವೆಯಲ್ಲಿ
ಯಾರ‍್ಯಾರದೋ ಹಾಡಿಗೆ ತುಟಿ ಕುಣಿಸಿ
ಬರೀ ಹುಬ್ಬಿನಲ್ಲೇ ಅರ್ಧ ಊರು ಗೆದ್ದವಳು.
ಈ ನಾಲ್ಕು ವರ್ಷದಲ್ಲಿ ಅವಳ ದನಿಯನ್ನು
ನಾವ್ಯಾರೂ ಕೇಳೇ ಇಲ್ಲ ಅನ್ನುವುದು
"ನೀರಿದ್ಯಾ ಅಣ್ಣ" ಅಂದಾಗ ಹೊಳೆಯಿತು.
ದಪ್ಪ ದನಿ.
ತುಂಬಿದ ಕೊಳದಪ್ಪಲೆ ನೆಲಕ್ಕಿಟ್ಟ ಹಾಗೆ.

ಹಾಡು ಅವಳದೇ. ಬೀಟು ಅರಕಲಗೂಡಿನ ಹುಡುಗನೊಬ್ಬ
ರಾತ್ರಿಯೆಲ್ಲ ಕೂತು ಹೊಲಿದು ಕಳಿಸಿದ್ದು.
ಮೊದಲ ಟೇಕು ಮುಗಿದ ಮೇಲೆ
ನಾನು, ಒಳ್ಳೇದಕ್ಕೇ ಅಂದುಕೊಂಡು,
ದನಿಯನ್ನು ನಾಲ್ಕು ಮನೆ ಮೇಲೆತ್ತಿ ಕೇಳಿಸಿದೆ:
ತೆಳ್ಳಗೆ, ಸಿಹಿಯಾಗಿ, ಜಾಹೀರಾತಿನ ಸೊಸೆಯ ಥರ.
ಹೆಡ್‌ಫೋನ್ ತೆಗೆದು ತೊಡೆ ಮೇಲಿಟ್ಟುಕೊಂಡಳು.
ನನ್ನನ್ನಲ್ಲ, ಮೊಟ್ಟೆ ಟ್ರೇಗಳನ್ನು ನೋಡಿ ಅಂದಳು:
"ಡಾಕ್ಟ್ರು, ಲಾಯರ‍್ರು, ತಾಲ್ಲೂಕಾಫೀಸಿನ ಗುಮಾಸ್ತ,
ಎಲ್ರೂ ಒಂದೊಂದು ತಿದ್ದಿ ಕೊಟ್ಟವ್ರೆ.
ನಾನೇ ಕೇಳಿದ್ದು, ದುಡ್ಡು ಕೊಟ್ಟಿದ್ದು.
ಇದೊಂದು ಕೇಳಿಲ್ಲ ಅಣ್ಣ.
ಇದು ನಮ್ಮಪ್ಪಂದು."

ಅಪ್ಪ ಅಂದರೆ ಪುಟ್ಟಲಿಂಗಣ್ಣ,
ಎಪಿಎಂಸಿ ಯಾರ್ಡಿನಲ್ಲಿ ಆಲೂಗಡ್ಡೆ ಹರಾಜು ಕೂಗುವವರು.
ಮೈಕಿಲ್ಲದೆ ಮೂರು ಶೆಡ್ಡು ದಾಟುವ ಗಂಟಲು.
ಏಳು ವರ್ಷದಿಂದ ಆ ಗಂಟಲು
ಅವಳ ಹೆಸರು ಕೂಗಿಲ್ಲ,
ಹಳೆಯದನ್ನೂ, ಹೊಸದನ್ನೂ.

ಹಾಡಿನ ನಡುಮಧ್ಯೆ ಬೀಟು ನಿಲ್ಲುತ್ತದೆ. ಕುಮುದಾ ಕೂಗುತ್ತಾಳೆ:
ಎಂಟ್ನೂರು ಒಂದ್ಸಲಾ...
ಎಂಟ್ನೂರು ಎರಡ್ಸಲಾ...
ಅಷ್ಟೆ. ದಬಾರನೆ ಡ್ರಮ್ಮು ಬೀಳುತ್ತದೆ.
ಮೂರನೇದು ಬಿಟ್ಟುಹೋಯ್ತಲ್ಲಮ್ಮ, ಅಂದೆ.
"ಮೂರು ಅಂದ್ರೆ ಮಾಲು ಹೋಯ್ತು ಅಂತ ಲೆಕ್ಕ ಅಣ್ಣ"
ಅಂದು ಲಿಪ್‌ಸ್ಟಿಕ್ ಸರಿಮಾಡಿಕೊಂಡಳು,
ಕ್ಯಾಮೆರಾ ಇಲ್ಲದ, ಕನ್ನಡಿಯೂ ಇಲ್ಲದ
ಆ ಕೋಣೆಯಲ್ಲಿ.

ಶುಕ್ರವಾರ ಸಂಜೆ ಆರಕ್ಕೆ ಬಿಡುಗಡೆ.
ಐದೂ ಐವತ್ತಕ್ಕೆ ಕರೆಂಟು ಹೋಯಿತು.
ಕುಮುದಾ, ಗೆಳತಿ ರೇಷ್ಮಾ, ಬೀಟಿನ ಹುಡುಗ, ನಾನು
ಮೆಟ್ಟಿಲ ಮೇಲೆ ಒಂದೇ ಫೋನಿಗೆ ತಲೆ ತಾಗಿಸಿ,
ಖಾರಾಮಂಡಕ್ಕಿಯ ಕೈಯನ್ನು ಪ್ಯಾಂಟಿಗೆ ಒರೆಸುತ್ತ ಕಾದೆವು.
ಹೋಯಿತು ಹಾಡು.
ಮೊದಲ ಬೈಗುಳ ಏಳನೇ ನಿಮಿಷಕ್ಕೆ ಬಂತು.
ಅದನ್ನವಳು ತನ್ನದೇ ದನಿಯಲ್ಲಿ ಓದಿ ನಕ್ಕಳು;
ಎರಡನೆಯದನ್ನು ಓದಲಿಲ್ಲ.
ರಾತ್ರಿ ಎನ್.ಆರ್. ಸರ್ಕಲ್ಲಿನಲ್ಲಿ ಒಂದು ಆಟೊ
ನಮ್ಮನ್ನು ದಾಟಿ ಹೋಯಿತು, ಎರಡ್ಸಲಾ ಎನ್ನುತ್ತ.

ಸೋಮವಾರ ಬೆಳಿಗ್ಗೆ ನಾನು ಯಾರ್ಡಿಗೆ ಹೋದೆ,
ಆಲೂಗಡ್ಡೆಗೇ ಅಂತ ಹೆಂಡತಿಗೆ ಹೇಳಿ.
ಹಮಾಲಿ ಹುಡುಗನೊಬ್ಬ ಚೀಲದ ಮೇಲೆ ಕೂತು
ಅದೇ ಹಾಡು ಹಚ್ಚಿದ್ದ.
ಪುಟ್ಟಲಿಂಗಣ್ಣ ಅವನ ಮುಂದೆಯೇ ಹಾದು ಹೋದರು.
ಆರಿಸು ಅನ್ನಲಿಲ್ಲ. ನಿಲ್ಲಲೂ ಇಲ್ಲ.

ಹರಾಜು ಶುರುವಾಯಿತು.
ಎಂಟ್ನೂರು ಒಂದ್ಸಲಾ.
ಎಂಟ್ನೂರು ಎರಡ್ಸಲಾ.
ಆಮೇಲೊಂದು ಸಂದು.
ಮುಕ್ಕಾಲು ಸೆಕೆಂಡು; ಕಿವಿಯಲ್ಲೇ ಬದುಕುವವನು ನಾನು,
ತಪ್ಪು ಹೇಳಲಾರೆ.
ಆ ಸಂದಿನಲ್ಲಿ ಅರಸೀಕೆರೆಯ ವ್ಯಾಪಾರಿಯೊಬ್ಬ ಕೈಯೆತ್ತಿ
ಎಂಟ್ನೂರ ಇಪ್ಪತ್ತು ಅಂದುಬಿಟ್ಟ.
ಪುಟ್ಟಲಿಂಗಣ್ಣ ಅವನತ್ತ ನೋಡಿ,
ಕೆಮ್ಮಿ, ಟವೆಲ್ಲಿನಿಂದ ಬಾಯಿ ಒರೆಸಿಕೊಂಡು
ಮತ್ತೆ ಒಂದರಿಂದ ಕೂಗತೊಡಗಿದರು.